ಮುಂಬೈ ಫ್ಲ್ಯಾಟಿಗೆ ಲ್ಯಾಬ್ರಡಾರೋ, ಮುಧೋಳವೋ?

ಸಂಪಾದಕರಿಗೆ ನಮಸ್ಕಾರ.

ಮುಂಬೈಯಲ್ಲಿರುವ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಈಚೆಗೆ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ. "ಮಕ್ಕಳು ನಾಯಿ ಬೇಕು ಅಂತ ಹಟ ಹಿಡಿದಿದ್ದಾರೆ. ಹೇಗೂ ಸಾಕೋದಾದರೆ ನಮ್ಮ ಮುಧೋಳದ್ದೇ ತಂದುಬಿಡೋಣ, ಪರದೇಶದ ಲ್ಯಾಬ್ರಡಾರ್ ಯಾಕೆ?" ಮದುವೆ ಮನೆಯಲ್ಲಿ ಕೇಳುತ್ತಾರೆ, ಸಂಘದ ಕಾರ್ಯಕ್ರಮದಲ್ಲಿ ಕೇಳುತ್ತಾರೆ, ಗದಗ ಗಾಡಿಯಲ್ಲಿ ಊರಿಗೆ ಹೊರಟಾಗ ಎದುರು ಸೀಟಿನವರೂ ಕೇಳುತ್ತಾರೆ. ಮುಲುಂಡಿನ ನಮ್ಮ ಮನೆಯಲ್ಲಿ ಲ್ಯಾಬ್ರಡಾರ್ ಇದೆ. ನನ್ನ ತವರು ಜಮಖಂಡಿ ಕಡೆ, ಅಲ್ಲಿ ಅಣ್ಣನ ಹೊಲದಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಮುಧೋಳ ನಾಯಿಗಳಿವೆ. ಎರಡನ್ನೂ ಹತ್ತಿರದಿಂದ ಬಲ್ಲೆ, ಎರಡರ ಮೇಲೂ ಜೀವ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೂ ದಯವಿಟ್ಟು ಕತ್ತರಿಸದೆ ಹಾಕಿ. ಇದರಲ್ಲಿ ಅರ್ಧ ಮಾತು ಮಾತ್ರ ಓದಿ ಯಾರಾದರೂ ಮರಿ ತಂದುಬಿಟ್ಟರೆ ಕಷ್ಟಪಡೋದು ಆ ಮರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ಅಥವಾ ಎರಡು ಬೆಡ್‌ರೂಮಿನ ಫ್ಲ್ಯಾಟ್, ಸಣ್ಣ ಮಕ್ಕಳು, ಇಡೀ ದಿನ ಬಾಗಿಲು ಬಡಿಯುವ ಜನ, ಮೊದಲ ಸಲ ನಾಯಿ ಸಾಕುವ ಅಪ್ಪ ಅಮ್ಮ, ಇಂಥ ಮನೆಗೆ ಲ್ಯಾಬ್ರಡಾರ್ ಸರಿ. ಮುಧೋಳ ಸರಿಯಲ್ಲ. ಮುಧೋಳ ಕಡಿಮೆ ನಾಯಿ ಅಂತ ಅಲ್ಲ, ಅದಕ್ಕೆ ಈ ಮನೆ ಕಡಿಮೆ. ನಮ್ಮ ನಾಡಿನ ನಾಯಿ ಅನ್ನುವ ಅಭಿಮಾನ ನನಗೂ ಇದೆ, ಬೇರೆಯವರಿಗಿಂತ ಒಂದು ಕೈ ಜಾಸ್ತಿಯೇ ಇರಬಹುದು. ಆ ಅಭಿಮಾನ ಇರುವುದರಿಂದಲೇ ಅದನ್ನು 500 ಚದರಡಿಯಲ್ಲಿ ಕೂಡಿಹಾಕಬೇಡಿ ಅಂತ ಕೇಳುತ್ತಿದ್ದೇನೆ.

ಎರಡು ತಳಿಗಳಲ್ಲಿ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಯಾವ ಕೆಲಸಕ್ಕೆ ಅಂತ ಬೆಳೆಸಿದ ನಾಯಿ ಅಂತ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಲ್ಯಾಬ್ರಡಾರ್‌ನ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್. ಅಲ್ಲಿನ ಮೀನುಗಾರರ ಜೊತೆ ದೋಣಿಯಲ್ಲಿ ಹೋಗಿ, ಕೊರೆಯುವ ನೀರಿಗೆ ಹಾರಿ, ಬಲೆಯ ಹಗ್ಗ ಕಚ್ಚಿ ಎಳೆದು ತರುತ್ತಿದ್ದ ನಾಯಿಗಳ ವಂಶ ಅದು. 19ನೇ ಶತಮಾನದಲ್ಲಿ ಬ್ರಿಟನ್ನಿಗೆ ಹೋಗಿ ಶಿಕಾರಿಯಲ್ಲಿ ಬಿದ್ದ ಹಕ್ಕಿಯನ್ನು ಹಲ್ಲು ನಾಟದ ಹಾಗೆ ಬಾಯಲ್ಲಿ ಹಿಡಿದು ತಂದುಕೊಡುವ ಕೆಲಸಕ್ಕೆ ಪಳಗಿತು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಅದನ್ನು ಪ್ರತ್ಯೇಕ ತಳಿ ಅಂತ ಒಪ್ಪಿತು. ಗಮನಿಸಿ, ಎರಡೂ ಕೆಲಸದಲ್ಲಿ ನಾಯಿ ಮನುಷ್ಯನ ಮುಖ ನೋಡುತ್ತದೆ. ಏನು ತರಲಿ, ಯಾರಿಗೆ ಕೊಡಲಿ ಅಂತ ಕಾಯುತ್ತದೆ. ಗುಂಡಿನ ಸದ್ದಿಗೆ ಬೆದರುವುದಿಲ್ಲ, ಗೊತ್ತಿಲ್ಲದ ಹತ್ತು ಜನರ ನಡುವೆ ಸುಮ್ನೆ ಕೂರುತ್ತದೆ.

ಮುಧೋಳದ ಕಥೆಯೇ ಬೇರೆ. ನಮ್ಮ ಬಯಲುಸೀಮೆಯಲ್ಲಿ ದೂರದ ಮೊಲವನ್ನು ಕಣ್ಣಿನಿಂದ ಹಿಡಿದು, ಮಾಲೀಕ ಏನಾದರೂ ಹೇಳುವ ಮೊದಲೇ ಬಾಣ ಬಿಟ್ಟಂತೆ ಹೋಗಿ, ತಾನೇ ತಿರುವು ಲೆಕ್ಕ ಹಾಕಿ ಬೇಟೆ ಮುಗಿಸುವ ನಾಯಿ. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಹೋದ ಹೊಟ್ಟೆ, ಮೈಮೇಲೆ ಒಂದು ಚೂರೂ ಕೊಬ್ಬಿಲ್ಲ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಈ ತಳಿಯನ್ನು ಕಾಪಾಡಿ ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ತಂದಿತು. 2016ರಲ್ಲಿ ತರಬೇತಿಗೆ ಅಂತ ಮೀರತ್‌ನ ಸೇನಾ ಕೇಂದ್ರಕ್ಕೆ ಮರಿಗಳು ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೋ ಭಾಷಣದಲ್ಲಿ ಹೆಸರು ಹೇಳಿದ ಮೇಲಂತೂ ಮುಂಬೈ ಪುಣೆಯವರಿಗೂ ಇದರ ಹುಚ್ಚು ಹಿಡಿಯಿತು. ಹೆಸರು ಬಂದದ್ದು ಸಂತೋಷವೇ. ಆದರೆ ಹೆಸರು ಕೇಳಿ ಮರಿ ತಂದವರಲ್ಲಿ ಬಹಳ ಜನ ಅದು ಓಡುವುದನ್ನು ಒಂದು ಸಲವೂ ನೋಡಿರಲಿಲ್ಲ.

ನಮ್ಮ ಪಕ್ಕದ ಸೊಸೈಟಿಯಲ್ಲಿ ಒಂದು ಮುಧೋಳ ಹೆಣ್ಣು ನಾಯಿ ಇತ್ತು, ಏಳನೇ ಮಹಡಿ. ಲಿಫ್ಟಿನಲ್ಲಿ ಅದರ ಜೊತೆ ಎಷ್ಟೋ ಸಲ ಇಳಿದಿದ್ದೇನೆ. ಒಳಗೆ ಬಂದ ಕೂಡಲೇ ಮೂಲೆಗೆ ಹೋಗಿ ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದು ಪಾರ್ಸೆಲ್ ಹುಡುಗ ದೊಡ್ಡ ಚೀಲದ ಸಮೇತ ಒಳಗೆ ಬಂದರೆ ಅದರ ಬಾಲ ಹೊಟ್ಟೆಯ ಕೆಳಗೆ ಹೋಗುತ್ತಿತ್ತು, ಹಿಂಗಾಲಿನ ತೊಡೆ ಸಣ್ಣಗೆ ನಡುಗುತ್ತಿತ್ತು, ಕಣ್ಣಿನ ಬಿಳಿ ಕಾಣಿಸುತ್ತಿತ್ತು. ಬೊಗಳುತ್ತಿರಲಿಲ್ಲ, ಕಚ್ಚುತ್ತಲೂ ಇರಲಿಲ್ಲ. ಪಾಪ, ಆ ಹುಡುಗ ಪ್ರೀತಿಯಿಂದ ತಲೆ ಸವರಲು ಕೈ ಚಾಚಿದರೆ ಮೈಯೆಲ್ಲ ಮರಗಟ್ಟಿ ನಿಲ್ಲುತ್ತಿತ್ತು. ಅದರ ಮನೆಯವರು ತುಂಬ ಒಳ್ಳೆಯವರು, ಹೊಡೆದವರಲ್ಲ ಬಡಿದವರಲ್ಲ, ದಿನಾ ಎರಡು ಹೊತ್ತು ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಆದರೂ ಆ ನಾಯಿಗೆ ದಿನಾ ನಾಲ್ಕು ಸಲ ಆ ಡಬ್ಬಿಯೊಳಗೆ ಅಪರಿಚಿತರ ಜೊತೆ ನಿಲ್ಲೋದು ಒಂದು ಶಿಕ್ಷೆಯೇ ಆಗಿತ್ತು. ಮುಧೋಳ ತನ್ನ ಮನೆಯವರಿಗೆ ಪ್ರಾಣ ಕೊಡುತ್ತದೆ, ಬೇರೆಯವರು ಮುಟ್ಟುವುದು ಅದಕ್ಕೆ ಹಿಡಿಸುವುದಿಲ್ಲ. ಇದು ದೋಷ ಅಲ್ಲ, ಸ್ವಭಾವ. ಹೊಲದ ಮನೆಯಲ್ಲಿ ಇದೇ ಸ್ವಭಾವವನ್ನು ನಾವು ಹೊಗಳುತ್ತೇವೆ ಅಲ್ವಾ?

ಇನ್ನು ಪಾರಿವಾಳ. ಮುಂಬೈಯಲ್ಲಿ ಪಾರಿವಾಳ ಇಲ್ಲದ ಕಿಟಕಿ ಇಲ್ಲ. ಬೇಟೆ ಕಣ್ಣಿನ ನಾಯಿಗೆ ಗ್ರಿಲ್ ಮೇಲೆ ಇಡೀ ದಿನ ರೆಕ್ಕೆ ಬಡಿಯುವ ಹಕ್ಕಿ, ಕೆಳಗೆ ಕಾಂಪೌಂಡಿನಲ್ಲಿ ಓಡುವ ಬೆಕ್ಕು, ಸಂಜೆ ಇಲಿ, ಸ್ಕೂಟರ್, ಚೆಂಡು, ಎಲ್ಲವೂ ಕರೆ ಇದ್ದ ಹಾಗೆ. ಕಟ್ಟಿದ ಬೆಲ್ಟಿನಲ್ಲೇ ಅದು ಒಂದು ಸಲ ಜಿಗಿದರೆ ಹಿಡಿದವರು ಬೀಳುತ್ತಾರೆ. ಬೆಲ್ಟ್ ಕಳಚಿತೋ, ಕೂಗಿ ಕರೆದರೆ ಬರುವುದಿಲ್ಲ. ಕೇಳಿಸುವುದೇ ಇಲ್ಲ ಅದಕ್ಕೆ, ಕಣ್ಣು ಬೇಟೆಯ ಮೇಲೆ ಇರುವಾಗ. ಎಲ್‌ಬಿಎಸ್ ರಸ್ತೆಯ ವಾಹನಗಳ ನಡುವೆ ಹಾಗೆ ಓಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮುಲುಂಡ್, ಠಾಣೆ, ಬೋರಿವಲಿ ಕಡೆಯವರಿಗೆ ಇನ್ನೊಂದು ಭಯವೂ ಇದೆ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಚಿರತೆಗಳಿಗೆ ನಾಯಿ ಅಂದರೆ ಊಟ. ಕತ್ತಲಾದ ಮೇಲೆ ಆ ಕಡೆ ಯಾವ ನಾಯಿಯನ್ನೂ ಬಿಚ್ಚಿ ಬಿಡಬಾರದು. ಹಾಗಾದರೆ ಮುಧೋಳ ಓಡುವುದೆಲ್ಲಿ? ಬೆಲ್ಟ್ ಹಿಡಿದು ಅರ್ಧ ಗಂಟೆ ಫುಟ್‌ಪಾತಿನಲ್ಲಿ ನಡೆಸಿದರೆ ಅದಕ್ಕೆ ಓಡಿದ ಹಾಗಲ್ಲ. ಸುತ್ತ ಎತ್ತರದ ಬೇಲಿ ಇರುವ ಬಯಲು ಬೇಕು, ವಾರದಲ್ಲಿ ಕೆಲವು ಸಲವಾದರೂ ಹೊಟ್ಟೆ ತುಂಬ ಓಡಬೇಕು. ಓಡಿದ ದಿನ ಮನೆಯಲ್ಲಿ ಅದರಷ್ಟು ಶಾಂತ ನಾಯಿ ಇಲ್ಲ, ಬಟ್ಟೆಯ ಮೇಲೆ ಮಡಚಿಕೊಂಡು ಗಂಟೆಗಟ್ಟಲೆ ಮಲಗುತ್ತದೆ. ಓಡದಿದ್ದರೆ ಸೋಫಾ, ಬಾಗಿಲ ಚೌಕಟ್ಟು, ತನ್ನದೇ ಕಾಲು, ಎಲ್ಲವನ್ನೂ ಕಡಿಯಲು ಶುರು ಮಾಡುತ್ತದೆ.

ಇಷ್ಟು ಹೇಳಿ, ಮುಧೋಳ ಎಲ್ಲಿ ಗೆಲ್ಲುತ್ತದೆ ಅನ್ನುವುದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ನಮ್ಮ ಹವೆಯಲ್ಲಿ ಅದು ಗೆಲ್ಲುತ್ತದೆ. ಒಂದೇ ಪದರದ ಗಿಡ್ಡ ಕೂದಲು, ತೆಳು ಚರ್ಮ, ಸಣಕಲು ಮೈ, ಶಾಖ ಬೇಗ ಹೊರಗೆ ಹೋಗುತ್ತದೆ. ಗಂಡು ನಾಯಿ ಹೆಗಲಿನ ಹತ್ತಿರ ಸುಮಾರು 70 ಸೆಂಟಿಮೀಟರ್ ಎತ್ತರ ಇದ್ದರೂ ತೂಕ 25 ಕಿಲೋ ಆಸುಪಾಸು. ಊಟ ಹಿತಮಿತ, ಬೊಜ್ಜು ಬರುವುದು ಅಪರೂಪ. ಕೂದಲು ಉದುರುವುದು ಕಡಿಮೆ, ನಾಯಿ ವಾಸನೆಯೂ ಕಡಿಮೆ. ಹಳ್ಳಿಯಲ್ಲಿ ಜೋಳದ ರೊಟ್ಟಿ, ಹಾಲು, ಮೊಟ್ಟೆ ತಿಂದುಕೊಂಡು ಡಾಕ್ಟರ ಮುಖ ನೋಡದೆ ವರ್ಷಗಟ್ಟಲೆ ಇರುತ್ತದೆ. ಫ್ಲ್ಯಾಟಿನಲ್ಲಿ ಅದಕ್ಕೆ ಆಗದಿರುವುದು ಎಸಿ. ರಾತ್ರಿ 22 ಡಿಗ್ರಿಗೆ ಎಸಿ ಇಟ್ಟು ಮಲಗುವ ಮನೆಯಲ್ಲಿ ಮುಧೋಳ ನಡುಗುತ್ತದೆ. ಬರೀ ಟೈಲ್ಸ್ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಮೂಳೆಯ ಹತ್ತಿರ ಹುಣ್ಣೂ ಆಗುತ್ತದೆ, ದಪ್ಪ ಹಾಸಿಗೆ ಹಾಕಬೇಕು. ಇನ್ನೊಂದು ವಿಷಯ, ಇಂಥ ಸಣಕಲು ಬೇಟೆ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಮೈಯಿಂದ ಇಳಿಯುವುದು ನಿಧಾನ. ಆಪರೇಷನ್ ಮಾಡಿಸುವ ಮುಂಚೆ ಯಾವ ತಳಿ ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಈಗ ಲ್ಯಾಬ್ರಡಾರ್‌ಗೆ ಬರೋಣ. ಲ್ಯಾಬ್ ತಂದರೆ ಎಲ್ಲ ಸುಲಭ ಅಂದುಕೊಂಡವರಿಗೆ ನಾನು ಹೇಳುವ ಮೊದಲ ಮಾತು ಊಟದ್ದು, ಎರಡನೆಯದು ಸೆಖೆಯದು. ಈ ಎರಡರಲ್ಲಿ ಎಡವಿದ ಮನೆಗಳಲ್ಲಿ ಲ್ಯಾಬ್ರಡಾರ್ ಎಂಟು ವರ್ಷಕ್ಕೇ ಮುದಿಯಾಗಿ ಮೆಟ್ಟಿಲು ಹತ್ತಲಾರದೆ ನಿಲ್ಲುವುದನ್ನು ನೋಡಿದ್ದೇನೆ.

ಲ್ಯಾಬ್ರಡಾರ್‌ನ ಹಸಿವು ತೀರದ ಹಸಿವು. ನಾವೆಲ್ಲ ಅದನ್ನು ತಿಂಡಿಪೋತ ಅಂತ ಮುದ್ದು ಮಾಡುತ್ತೇವೆ, ಆದರೆ ಅದರಲ್ಲಿ ಎಷ್ಟೋ ನಾಯಿಗಳಿಗೆ ಇದು ಹುಟ್ಟಿನಿಂದಲೇ ಬಂದ ತೊಂದರೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ತೋರಿಸಿದರು. ಹೊಟ್ಟೆ ತುಂಬಿತು ಅಂತ ಮಿದುಳಿಗೆ ತಿಳಿಸುವ ವ್ಯವಸ್ಥೆಯಲ್ಲಿ ಬೇಕಾದ ಪಿಒಎಂಸಿ ಅನ್ನುವ ಜೀನ್‌ನ ಒಂದು ತುಣುಕು ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಇಲ್ಲವೇ ಇಲ್ಲ. ಅಂಗವಿಕಲರಿಗೆ ನೆರವಾಗುವ ತರಬೇತಿ ನಾಯಿಗಳಲ್ಲಿ ಈ ಕೊರತೆ ಇನ್ನೂ ಜಾಸ್ತಿ ಕಂಡಿತು. ಯೋಚಿಸಿದರೆ ಅರ್ಥವಾಗುತ್ತದೆ, ಒಂದು ಚೂರು ತಿನಿಸಿಗಾಗಿ ಏನು ಬೇಕಾದರೂ ಕಲಿಯುವ ನಾಯಿ ತರಬೇತಿಗೆ ಒಗ್ಗುತ್ತದೆ. ನಮ್ಮ ಮನೆಯ ನಾಯಿ ಡಬ್ಬಿಯ ಮುಚ್ಚಳ ತೆಗೆಯುವ ಸದ್ದಿಗೆ ಗಾಢ ನಿದ್ದೆಯಿಂದ ಎದ್ದು ಬಂದು, ಅಡುಗೆಕಟ್ಟೆಯ ಅಂಚಿಗೆ ಗದ್ದ ಇಟ್ಟು, ಹಣೆ ಸುಕ್ಕು ಮಾಡಿ, ಎರಡು ಹುಬ್ಬನ್ನೂ ಒಂದಾದ ಮೇಲೊಂದು ಎತ್ತುತ್ತಾ ನೋಡುತ್ತದೆ. ಬಾಯಿಂದ ಒಂದು ದಾರ ಜೊಲ್ಲು ನೆಲ ಮುಟ್ಟುತ್ತದೆ. ಆ ಮುಖ ನೋಡಿ ಒಂದು ಚಪಾತಿ ತುಂಡು ಹಾಕದೆ ಇರುವುದು ತುಂಬ ಕಷ್ಟ. ಆದರೂ ಹಾಕಬಾರದು. ಅಜ್ಜಿ ಒಂದು, ಮೊಮ್ಮಗ ಒಂದು, ಕೆಲಸದವರು ಒಂದು ಅಂತ ದಿನಕ್ಕೆ ಎಷ್ಟು ಹೋಯಿತು ಅನ್ನುವ ಲೆಕ್ಕ ಯಾರಿಗೂ ಇರುವುದಿಲ್ಲ.

ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವ ತನಕ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅರ್ಧ ನಾಯಿಗಳಿಗೆ ಉಳಿದರ್ಧ ನಾಯಿಗಳಿಗಿಂತ ಕಾಲು ಭಾಗ ಕಡಿಮೆ ಊಟ. ಕಡಿಮೆ ತಿಂದವು ಹೆಚ್ಚುಕಡಿಮೆ 2 ವರ್ಷ ಜಾಸ್ತಿ ಬದುಕಿದವು, ಕೀಲುನೋವು ಕೂಡ ತಡವಾಗಿ ಬಂತು. ಹನ್ನೊಂದು ಹನ್ನೆರಡು ವರ್ಷ ಬದುಕುವ ಜೀವಕ್ಕೆ 2 ವರ್ಷ ಅಂದರೆ ಎಷ್ಟು ದೊಡ್ಡದು! ಹಾಗಾಗಿ ಅಳತೆಯ ಬಟ್ಟಲು ಇಟ್ಟುಕೊಳ್ಳಿ, ಮನೆಯಲ್ಲಿ ಒಬ್ಬರೇ ಊಟ ಹಾಕಿ. ಕೈಯಿಂದ ಒತ್ತಿ ನೋಡಿದರೆ ಪಕ್ಕೆಲುಬು ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಿಸಬೇಕು. ನೆಂಟರು ಬಂದು "ಏನ್ರೀ, ನಾಯಿ ಸೊರಗಿದೆ" ಅಂದರೆ ಅಂದುಕೊಳ್ಳಲಿ. ನಮ್ಮ ಅಡುಗೆಯಲ್ಲಿ ಅದಕ್ಕೆ ವಿಷವಾಗುವ ಸಾಮಾನು ಬೇಕಾದಷ್ಟಿದೆ. ಉಪ್ಪಿಟ್ಟಿನ ಈರುಳ್ಳಿ ರಕ್ತಕ್ಕೆ ಕೆಟ್ಟದ್ದು, ಪಾಯಸದ ಒಣದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು, ಚಾಕೊಲೇಟ್ ಹೃದಯಕ್ಕೆ ಕೆಟ್ಟದ್ದು. ಹಬ್ಬದ ದಿನ ನಾಯಿಯನ್ನು ಅಡುಗೆಮನೆಯಿಂದ ದೂರ ಇಡಿ.

ಸೆಖೆಯ ವಿಷಯ. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವುದಕ್ಕೆ ಆಗುವುದಿಲ್ಲ, ಅಂಗಾಲಿನಲ್ಲಿ ಮಾತ್ರ ಒಂದಿಷ್ಟು ಬೆವರುತ್ತದೆ. ಮೈ ತಂಪಾಗುವುದು ಏದುಸಿರಿನಿಂದ, ನಾಲಿಗೆ ಮತ್ತು ಗಂಟಲಿನ ತೇವ ಆವಿಯಾಗುವುದರಿಂದ. ಮುಂಬೈಯ ಮೇ ತಿಂಗಳಲ್ಲಿ ಉಷ್ಣಾಂಶ 34 ಅಂತ ಸುದ್ದಿಯಲ್ಲಿ ಹೇಳಿದರೂ ಗಾಳಿಯಲ್ಲಿ ನೀರು ಎಷ್ಟಿರುತ್ತದೆ ಅಂದರೆ, ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗದ ಹಾಗೆ ನಾಯಿಯ ನಾಲಿಗೆಯೂ ಒಣಗುವುದಿಲ್ಲ. ಎಷ್ಟು ಏದುಸಿರು ಬಿಟ್ಟರೂ ತಂಪಾಗುವುದಿಲ್ಲ. ಅದರ ಮೇಲೆ ಲ್ಯಾಬ್ರಡಾರ್‌ಗೆ ತಣ್ಣೀರಿಗೆ ಅಂತ ಬಂದ ಎರಡು ಪದರದ ಕೂದಲು, 30 ಕಿಲೋ ಮೈ. ಬೆಳಿಗ್ಗೆ ಏಳರೊಳಗೆ ತಿರುಗಾಟ ಮುಗಿಸಬೇಕು, ಸಂಜೆ ಡಾಂಬರು ಆರಿದ ಮೇಲೆ ಹೋಗಬೇಕು. ನಿಮ್ಮ ಅಂಗೈ ಹಿಂಭಾಗವನ್ನು ರಸ್ತೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು ನೋಡಿ, ನಿಮಗೆ ತಡೆಯಲಾಗದಿದ್ದರೆ ಅದಕ್ಕೂ ತಡೆಯಲಾಗುವುದಿಲ್ಲ. ಬೇಸಿಗೆಗೆ ಅಂತ ಬೋಳಿಸಬೇಡಿ, ಆ ಕೂದಲೇ ಬಿಸಿಲಿನಿಂದಲೂ ಕಾಯುತ್ತದೆ. ದಿನಾ ಬಾಚಿದರೆ ಸಾಕು. ಬಾಚಿದರೂ ಉದುರುತ್ತದೆ ಅನ್ನಿ. ಕಪ್ಪು ಪ್ಯಾಂಟ್, ಹಾಸಿಗೆ, ಫ್ಯಾನಿನ ರೆಕ್ಕೆ, ಎಲ್ಲೆಲ್ಲೂ ಹಳದಿ ಕೂದಲು. ಮನೆ ಫಳಫಳ ಇರಬೇಕು ಅನ್ನುವವರು ಲ್ಯಾಬ್ರಡಾರ್ ತರಬಾರದು. ಅಂಥವರಿಗೆ ಮುಧೋಳವೂ ಬೇಡ, ಮೀನಿನ ತೊಟ್ಟಿ ಒಳ್ಳೆಯದು.

ಇಷ್ಟೆಲ್ಲ ತಾಪತ್ರಯ ಇದ್ದೂ ಲ್ಯಾಬ್ರಡಾರ್ ಯಾಕೆ ಅಂತ ಹೇಳುತ್ತಿದ್ದೇನೆ? ಈ ನಗರದಲ್ಲಿ ಬಾಳುವುದಕ್ಕೆ ಬೇಕಾದ ಗುಣ ಅದರಲ್ಲಿ ಇದೆ. ಜನಜಂಗುಳಿ ಅದಕ್ಕೆ ಕಷ್ಟ ಅಲ್ಲ, ಹಬ್ಬ. ಮುಂಬೈಯವರಿಗೆ ಝಂಜೀರ್ ಅನ್ನುವ ಪೊಲೀಸ್ ನಾಯಿ ನೆನಪಿರಬಹುದು. ಪುಣೆಯಲ್ಲಿ ತರಬೇತಿ ಪಡೆದು ಬಂದ ಲ್ಯಾಬ್ರಡಾರ್ ಅದು. 1993ರ ಮಾರ್ಚ್ 12ರ ಸರಣಿ ಸ್ಫೋಟ ಆದಮೇಲೆ ನಗರ ಹೆದರಿ ನಡುಗುತ್ತಿದ್ದಾಗ, ಮೂಸಿ ಮೂಸಿ 3,000 ಕಿಲೋಗೂ ಹೆಚ್ಚು ಆರ್‌ಡಿಎಕ್ಸ್ ಪತ್ತೆಗೆ ಕಾರಣವಾಯಿತು. 2000ದ ನವೆಂಬರ್‌ನಲ್ಲಿ ಅದು ತೀರಿಕೊಂಡಾಗ ಪೊಲೀಸರು ಗೌರವದಿಂದ ಕಳಿಸಿಕೊಟ್ಟರು. ಗದ್ದಲ, ಸೈರನ್, ಸಾವಿರಾರು ಅಪರಿಚಿತ ಜನ, ಇದರ ನಡುವೆ ತಲೆ ಕೆಡಿಸಿಕೊಳ್ಳದೆ ತನ್ನ ಕೆಲಸ ಮಾಡುವ ಸ್ಥಿರ ಮನಸ್ಸು ಅದರದ್ದು. ನಿಮ್ಮ ಮನೆಯ ನಾಯಿ ಬಾಂಬ್ ಹುಡುಕಬೇಕಿಲ್ಲ. ಆದರೆ ಗಣಪತಿ ಮೆರವಣಿಗೆಯ ಡೋಲು, ದೀಪಾವಳಿ ಪಟಾಕಿ, ಹುಟ್ಟುಹಬ್ಬಕ್ಕೆ ಬಂದ ಹದಿನೈದು ಮಕ್ಕಳು, ಇವನ್ನೆಲ್ಲ ತಡೆದುಕೊಳ್ಳಬೇಕಲ್ವಾ? ಲ್ಯಾಬ್ರಡಾರ್‌ಗಳಲ್ಲೂ ಪಟಾಕಿಗೆ ಹೆದರುವವು ಇವೆ, ಆದರೆ ಒಟ್ಟಿನಲ್ಲಿ ಈ ಸದ್ದಿಗೆ ಒಗ್ಗಿಕೊಳ್ಳುವ ಶಕ್ತಿ ಅದಕ್ಕೆ ಜಾಸ್ತಿ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಲ್ಯಾಬ್ರಡಾರ್ ಒಳ್ಳೆಯದು ಅಂತ ಎರಡು ವರ್ಷದ ಮಗುವನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ಯಾವ ನಾಯಿಗೂ ಕಿವಿ ಎಳೆದರೆ, ಊಟದ ತಟ್ಟೆಗೆ ಕೈ ಹಾಕಿದರೆ, ಮಲಗಿದ್ದಾಗ ಮೈಮೇಲೆ ಬಿದ್ದರೆ ಸಿಟ್ಟು ಬರುತ್ತದೆ. ಅದು ಮುಖ ತಿರುಗಿಸಿಕೊಂಡರೆ, ತುಟಿ ನೆಕ್ಕಿಕೊಂಡರೆ, ಎದ್ದು ಬೇರೆ ಕಡೆ ಹೋದರೆ "ಸಾಕು" ಅಂತ ಹೇಳುತ್ತಿದೆ ಅಂತ ಮಗುವಿಗೆ ಕಲಿಸಿ. ಇನ್ನೊಂದು, ಲ್ಯಾಬ್ರಡಾರ್ ಎರಡು ವರ್ಷ ಆಗುವ ತನಕ ಮೈಮೇಲೆ ಎಚ್ಚರ ಇಲ್ಲದ ನಾಯಿ. ಪ್ರೀತಿಯಿಂದಲೇ ಹಾರಿ ಮಗುವನ್ನೂ ಬೀಳಿಸುತ್ತದೆ, ಅಜ್ಜನನ್ನೂ ಬೀಳಿಸುತ್ತದೆ. ಮನೆಯಲ್ಲಿ ಕೋಲು ಹಿಡಿದು ನಡೆಯುವ ಹಿರಿಯರಿದ್ದರೆ ಮರಿ ತರುವ ಬದಲು ಮೂರು ನಾಲ್ಕು ವರ್ಷದ, ಬೇರೆ ಮನೆಯವರು ಬಿಟ್ಟುಕೊಡುತ್ತಿರುವ ಲ್ಯಾಬ್ರಡಾರ್ ನೋಡಿ. ಮುಂಬೈಯಲ್ಲಿ ಅಂಥವು ಎಷ್ಟೋ ಸಿಗುತ್ತವೆ, ವಿದೇಶಕ್ಕೆ ಹೋದವರು, ಬಾಡಿಗೆ ಮನೆ ಬದಲಿಸಿದವರು, ಮಗು ಹುಟ್ಟಿತು ಅಂತ ಬಿಟ್ಟವರು. ಸ್ವಭಾವ ಏನು ಅಂತ ಮೊದಲೇ ನೋಡಬಹುದು, ಉಚ್ಚೆ ಕಕ್ಕಸಿನ ಅಭ್ಯಾಸವೂ ಆಗಿರುತ್ತದೆ. ಯಾಕೋ ನಮ್ಮವರಿಗೆ ಮರಿಯೇ ಬೇಕು.

ಮರಿಯೇ ಬೇಕಾದರೆ ಎಲ್ಲಿಂದ ತರುತ್ತೀರಿ ಅನ್ನುವುದು ದೊಡ್ಡ ಪ್ರಶ್ನೆ. 2017ರ ಕೇಂದ್ರದ ನಿಯಮದ ಪ್ರಕಾರ ನಾಯಿ ಸಂತಾನ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, 8 ವಾರ ತುಂಬದ ಮರಿ ಮಾರಬಾರದು. ಆದರೆ ಫೋನಿನಲ್ಲಿ ಫೋಟೋ ಕಳಿಸಿ, ಹೆದ್ದಾರಿ ಪಕ್ಕದಲ್ಲಿ ಬುಟ್ಟಿಯೊಳಗಿನಿಂದ ಕೊಡುವವರು ನಾಲ್ಕೈದು ವಾರದ ಮರಿಯನ್ನೇ ಎರಡು ತಿಂಗಳಿನದು ಅನ್ನುತ್ತಾರೆ. ಅಷ್ಟು ಬೇಗ ತಾಯಿಯಿಂದ ಕಿತ್ತ ಮರಿಗೆ ಕಚ್ಚುವುದರ ಮಿತಿ ಗೊತ್ತಾಗಿರುವುದಿಲ್ಲ, ಮರಿಗಳಿಗೆ ವಾಂತಿಭೇದಿ ತರುವ ಪಾರ್ವೋ ಅನ್ನುವ ಅಂಟುರೋಗ ತಗುಲಿದರೆ ವಾರದೊಳಗೆ ಸಾಯಲೂಬಹುದು. ಲ್ಯಾಬ್ರಡಾರ್ ಆದರೆ ತಾಯಿಯನ್ನು ತೋರಿಸಿ ಅನ್ನಿ, ಅಪ್ಪ ಅಮ್ಮನ ಸೊಂಟದ ಕೀಲಿನ ಎಕ್ಸ್‌ರೇ ಕೇಳಿ, ಈ ತಳಿಯಲ್ಲಿ ಸೊಂಟದ ಕೀಲು ಸಡಿಲವಾಗುವ ತೊಂದರೆ ವಂಶದಲ್ಲಿ ಬರುತ್ತದೆ. ತೋರಿಸದಿದ್ದರೆ ಎದ್ದು ಬನ್ನಿ. ಮುಧೋಳದ ಮರಿಗಳನ್ನು ಊರಿನಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ, ಸೀಟಿನ ಕೆಳಗೆ ಚೀಲದಲ್ಲಿ ತರುವವರನ್ನು ಕಣ್ಣಾರೆ ಕಂಡಿದ್ದೇನೆ. ಇದು ಕ್ರೌರ್ಯ. ರೈಲಿನಲ್ಲಿ ಫಸ್ಟ್ ಕ್ಲಾಸಿನ ಕೂಪೆ ಪೂರ್ತಿ ಕಾದಿರಿಸಿ ಜೊತೆಯಲ್ಲೇ ತರಬಹುದು, ಇಲ್ಲ ಸ್ವಂತ ಕಾರಿನಲ್ಲಿ ನಡುನಡುವೆ ನಿಲ್ಲಿಸಿ ನೀರು ಕುಡಿಸಿ ತರಬೇಕು.

ಮುಂಬೈಯಲ್ಲಿ ಮುಧೋಳ ಸಾಕಲೇಬಾರದಾ ಅಂತ ಕೇಳಿದರೆ, ಹಾಗೇನಿಲ್ಲ. ಕರ್ಜತ್, ಪಾಲ್ಘರ್, ಪನ್ವೆಲ್ ಕಡೆ ಬೇಲಿ ಹಾಕಿದ ಜಾಗ ಇದ್ದು ಅಲ್ಲೇ ವಾಸ ಮಾಡುವವರು ಸಾಕಲಿ. ವಾರಾಂತ್ಯಕ್ಕೆ ಮಾತ್ರ ಹೋಗಿ, ಉಳಿದ ದಿನ ಕಾವಲುಗಾರನ ಕೈಯಲ್ಲಿ ಬಿಡುವ ಫಾರ್ಮ್‌ಹೌಸ್ ಅಲ್ಲ ನಾನು ಹೇಳಿದ್ದು. ಮಕ್ಕಳು ಹತ್ತು ಹನ್ನೆರಡು ದಾಟಿ ತಿಳಿವಳಿಕೆ ಬಂದವರು, ಮನೆಗೆ ಜನ ಬರುವುದು ಕಡಿಮೆ, ದಿನಾ ಬೆಳಿಗ್ಗೆ ಓಡುವ ಅಭ್ಯಾಸ ಇರುವವರು ಯಾರಾದರೂ ಇದ್ದಾರೆ, ಕೆಳಮಹಡಿಯ ಮನೆ, ಇಷ್ಟೂ ಕೂಡಿಬಂದರೆ ಫ್ಲ್ಯಾಟಿನಲ್ಲೂ ನಡೆಯಬಹುದು. ಆದರೆ ಮರಿಯಾಗಿದ್ದಾಗ, ಮೂರು ತಿಂಗಳ ಒಳಗೇ, ಲಿಫ್ಟು, ರಿಕ್ಷಾ, ಡೋಲು, ಮಳೆಕೋಟು ಹಾಕಿದ ಜನ, ಎಲ್ಲವನ್ನೂ ನಿಧಾನವಾಗಿ, ಹೆದರಿಸದೆ ಪರಿಚಯ ಮಾಡಿಸಬೇಕು. ಆ ಕಾಲ ದಾಟಿದ ಮೇಲೆ ಅದರ ಹೆದರಿಕೆ ಬಿಡಿಸುವುದು ಬಹಳ ಕಷ್ಟ. ಪಕ್ಕದ ಸೊಸೈಟಿಯ ಆ ಹೆಣ್ಣು ನಾಯಿಯನ್ನು ಮನೆಯವರು ಕೊನೆಗೆ ಸಾಂಗ್ಲಿ ಕಡೆಯ ತಮ್ಮ ನೆಂಟರ ತೋಟಕ್ಕೆ ಕಳಿಸಿದರು. ಅತ್ತುಕೊಂಡೇ ಕಳಿಸಿದರು. ಅದರ ಅದೃಷ್ಟ, ಕಳಿಸಲು ಒಂದು ತೋಟ ಇತ್ತು. ಹಾಗೆ ಜಾಗ ಇಲ್ಲದವರು ನಾಯಿಯನ್ನು ರಸ್ತೆಗೆ ಬಿಟ್ಟುಬಿಡುತ್ತಾರೆ, ಅದನ್ನು ಬೀದಿನಾಯಿಗಳು ಹರಿದು ಹಾಕುತ್ತವೆ.

ಸೊಸೈಟಿಯವರ ಕಾಟದ ಬಗ್ಗೆ ಎಲ್ಲರೂ ಕೇಳುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಬಹುಮತ ಇದ್ದರೂ ಸೊಸೈಟಿ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬೇಡ ಅನ್ನುವಂತಿಲ್ಲ. ಅದರ ಜೊತೆಗೆ ನಮ್ಮ ಕರ್ತವ್ಯವೂ ಇದೆ. ಪಾಲಿಕೆಯ ಲೈಸೆನ್ಸ್ ಮಾಡಿಸಿ, ರೇಬೀಸ್ ಲಸಿಕೆ ಪ್ರತಿ ವರ್ಷ ಹಾಕಿಸಿ, ಹೇಸಿಗೆ ಮಾಡಿದರೆ ಅಲ್ಲೇ ಎತ್ತಿ. ನಾಯಿಗೆ ಹೆದರುವವರು ಲಿಫ್ಟಿನಲ್ಲಿದ್ದರೆ ಮುಂದಿನ ಲಿಫ್ಟಿಗೆ ಕಾಯಿರಿ, ಇದರಲ್ಲಿ ನಮ್ಮ ಗಂಟೇನೂ ಹೋಗುವುದಿಲ್ಲ. ಖರ್ಚು ಹೊರಲಾಗದಿದ್ದರೆ ಪರೇಲ್‌ನ ಬಾಯಿ ಸಕರ್‌ಬಾಯಿ ಪೆಟಿಟ್ ಪ್ರಾಣಿ ಆಸ್ಪತ್ರೆ 19ನೇ ಶತಮಾನದಿಂದ ಇದೆ, ವಿಚಾರಿಸಿ.

ಒಂದು ಕೋರಿಕೆ ಊರಿಗೆ ಹೋಗುವವರಲ್ಲಿ. ರಜೆಯಲ್ಲಿ ಬಾಗಲಕೋಟೆ ಕಡೆ ಹೋದರೆ ಮಕ್ಕಳನ್ನು ಮುಧೋಳ ತಾಲೂಕಿನ ತಿಮ್ಮಾಪುರಕ್ಕೆ ಕರೆದುಕೊಂಡು ಹೋಗಿ. ಬೀದರ್‌ನ ಪಶು ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರ ಅಲ್ಲಿದೆ, ತಳಿ ಉಳಿಸುವ ಕೆಲಸ ಅಲ್ಲೇ ನಡೆಯುತ್ತಿದೆ. ಅಲ್ಲಿನವರನ್ನು ಕೇಳಿ, ನಮ್ಮ ಮನೆ ಇಷ್ಟು, ನಾವು ಹೊರಗೆ ಇರುವುದು ಇಷ್ಟು ಹೊತ್ತು, ಕೊಡುತ್ತೀರಾ ಅಂತ. ಅವರು ಏನು ಹೇಳುತ್ತಾರೆ ಅನ್ನುವುದನ್ನು ಕೇಳಿದ ಮೇಲೆ ಮುಂದಿನ ಮಾತು.

ಇನ್ನೊಂದು ಕೋರಿಕೆ ತಮ್ಮಲ್ಲಿ. ಪ್ರತಿ ಮಳೆಗಾಲ ಮುಂಬೈಯಲ್ಲಿ ಇಲಿಜ್ವರ ಬರುತ್ತದೆ. ಇಲಿಯ ಉಚ್ಚೆ ಬೆರೆತ ನೀರಿನಲ್ಲಿ ನಡೆದ ನಾಯಿಗೂ ಅದು ತಗುಲುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು. ಇದಕ್ಕೆ ನಾಯಿಗಳಿಗೆ ಲಸಿಕೆ ಇದೆ, ಆದರೆ ರೇಬೀಸ್ ಚುಚ್ಚುಮದ್ದು ಹಾಕಿಸಿದರೆ ಎಲ್ಲ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಜೂನ್ ಬರುವ ಮೊದಲೇ ಕನ್ನಡ ಬಲ್ಲ ಪಶುವೈದ್ಯರೊಬ್ಬರಿಂದ ಈ ಲಸಿಕೆಯ ಬಗ್ಗೆ, ಉಣ್ಣಿ ಕಡಿತದಿಂದ ಬರುವ ಜ್ವರದ ಬಗ್ಗೆ ಒಂದು ಲೇಖನ ಬರೆಸಿ ಹಾಕಿ. ಲ್ಯಾಬ್ರಡಾರ್ ಇದ್ದವರೂ ಮುಧೋಳ ಇದ್ದವರೂ, ಬೀದಿನಾಯಿಗೆ ಅನ್ನ ಹಾಕುವವರೂ ಓದಿ ಇಟ್ಟುಕೊಳ್ಳುತ್ತೇವೆ.

ವಂದನೆಗಳೊಂದಿಗೆ,
ನಿಮ್ಮ ಹಳೆಯ ಓದುಗಿ
ಮುಲುಂಡ್, ಮುಂಬೈ